ಆಪ್ತಸಲಹೆ: ಜಪಾನೀ ಬರುತ್ತದೆ, ಬರೆದದ್ದು ಮಾತ್ರ ಕೆಂಪಾಗಿ ವಾಪಸಾಗುತ್ತದೆ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಉತ್ತರ ಕರ್ನಾಟಕದ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಟೋಕಿಯೊ ಪಕ್ಕದ ನಗರವೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗಂಡನಿಗೂ ಅಲ್ಲೇ ನೌಕರಿ. ಎರಡು ವರ್ಷದ ಮಗ ಹೊಇಕುಎನ್‌ಗೆ, ಅಂದರೆ ಅಲ್ಲಿನ ಶಿಶುಪಾಲನಾ ಕೇಂದ್ರಕ್ಕೆ ಹೋಗುತ್ತಾನೆ. ಜಪಾನೀ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮೇಲಿನಿಂದ ಎರಡನೆಯದಾದ ಎನ್2 ಹಂತವನ್ನು ಬೆಂಗಳೂರಿನಲ್ಲಿದ್ದಾಗಲೇ ದಾಟಿದ್ದರು. ಮೀಟಿಂಗ್‌ನಲ್ಲಿ ಧಾರಾಳವಾಗಿ ಮಾತಾಡುತ್ತಾರೆ, ಅಂಗಡಿ, ಬ್ಯಾಂಕು, ಆಸ್ಪತ್ರೆ ಎಲ್ಲವನ್ನೂ ಒಬ್ಬರೇ ನಿಭಾಯಿಸುತ್ತಾರೆ.

ನನ್ನ ಹತ್ತಿರ ಬಂದದ್ದು ನಿದ್ದೆಗೆಟ್ಟ ಕಾರಣಕ್ಕೆ. "ರವಿವಾರ ಸಂಜಿ ಆತಂದ್ರ ಎದಿ ಡವಡವ ಅಂತದ್ರಿ ಮೇಡಂ. ಸೋಮವಾರ ರಿಪೋರ್ಟ್ ಕಳಸಬೇಕಲ್ಲ" ಎಂದರು. ವಾರದ ವರದಿಯನ್ನು ತಂಡದ ಮುಖ್ಯಸ್ಥರಿಗೆ ಕಳಿಸಬೇಕು. ಅವರು ಅದನ್ನು ತಿದ್ದಿ ವಾಪಸ್ ಕಳಿಸುತ್ತಾರೆ. ಕೆಲವೊಮ್ಮೆ ಈಕೆ ಬರೆದ ಒಂದು ವಾಕ್ಯವೂ ಉಳಿದಿರುವುದಿಲ್ಲ. "ಯಾಕ ಅಂತ ಒಂದ ಮಾತೂ ಇರೂದಿಲ್ಲ, ಬರೇ ಕೆಂಪು. ನಿನಗ ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರರ ಸಮಾಧಾನ ಆಗ್ತಿತ್ತು."

ಇದರಿಂದ ಪಾರಾಗಲು ಆಕೆ ಎರಡು ದಾರಿ ಹಿಡಿದಿದ್ದರು. ಒಂದು, ಮಗ ಮಲಗಿದ ಮೇಲೆ, ಆ ಪರೀಕ್ಷೆಯ ಅತಿ ಮೇಲಿನ ಹಂತವಾದ ಎನ್1ರ ವ್ಯಾಕರಣ ಓದುವುದು. ಇನ್ನೊಂದು, ಕರಡನ್ನು ಎಐಗೆ ಕೊಟ್ಟು "ಅತ್ಯಂತ ಗೌರವದ ಜಪಾನೀಯಲ್ಲಿ ಬರೆದುಕೊಡು" ಎನ್ನುವುದು. ಹಾಗೆ ಕಳಿಸಿದ ಒಂದು ವರದಿಗೆ ಮುಖ್ಯಸ್ಥರು ಮೊದಲ ಬಾರಿ ಒಂದು ಸಾಲು ಬರೆದರು: ಏನು ಹೇಳುತ್ತಿದ್ದೀರೆಂದು ತಿಳಿಯುವುದು ಕಷ್ಟ. ಆ ಸಾಲು ಬಂದ ವಾರವೇ ಆಕೆ ನನಗೆ ಫೋನ್ ಮಾಡಿದ್ದು.

ಇಂಥವರಿಗೆ ಉಸಿರಾಟದ ಅಭ್ಯಾಸ ಹೇಳಿ ಕಳಿಸಬಹುದಿತ್ತು. ಈ ಕೆಲಸಕ್ಕೆ ಬರುವ ಮೊದಲು ಬೆಂಗಳೂರಿನಲ್ಲಿ ಜಪಾನೀ ಕಲಿಸುತ್ತಿದ್ದವಳಾದ್ದರಿಂದ, ಕೆಂಪಾದ ವರದಿಗಳನ್ನೇ ತೋರಿಸಿ ಎಂದೆ. ಗ್ರಾಹಕರ ಹೆಸರು ಅಳಿಸಿ ತೋರಿಸಿದರು. ಅದರಲ್ಲೊಂದು ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ನಿನ್ನೆ ಟೆಸ್ಟ್‌ನಲ್ಲಿ ಎರರ್ ಬಂದು, ಲಾಗ್ (ಕಂಪ್ಯೂಟರ್ ತಾನೇ ಇಟ್ಟ ದಾಖಲೆ) ನೋಡಿ, ಕಾರಣ ತಿಳಿಯದೆ, ವೆಂಡರನ್ನು ಕೇಳಿ, ಇನ್ನೂ ಉತ್ತರ ಬರದೆ, ತೊಂದರೆಯಲ್ಲಿದ್ದೇವೆ."

ಕನ್ನಡದಲ್ಲಿ ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ತೊಡಕು ಇರುವುದೇ ಅಲ್ಲಿ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ, "ನಿನ್ನೆ ಬಂದ ಎರರ್" ಎನ್ನುವಾಗಿನ ಪದಗಳ ಸಾಲು, "ಅಂತ" ಬರುವ ಜಾಗ, ಎಲ್ಲವೂ ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ. ನಮ್ಮ "ಮಾಡಿ, ನೋಡಿ, ಕೇಳಿ" ಇದ್ದಂತೆ ಅವರ "ತೆ" ರೂಪ. ಹಾಗಾಗಿ ಕನ್ನಡಿಗರು ಜಪಾನೀ ಮಾತನ್ನು ಬೇಗ ಹಿಡಿಯುತ್ತಾರೆ, ಬರೆಯಲು ಕೂತಾಗಲೂ ಅದೇ ಸಲೀಸಿನಲ್ಲಿ ವಾಕ್ಯವನ್ನು ಹರಿಯಬಿಡುತ್ತಾರೆ. ವ್ಯಾಕರಣ ತಪ್ಪಿರುವುದಿಲ್ಲ. ಆದರೆ ಯಾವುದು ಕಾರಣ, ಯಾವುದು ಪರಿಣಾಮ, ಯಾವುದು ಮುಗಿದ ಕೆಲಸ, ಯಾವುದು ಬಾಕಿ ಎಂಬುದನ್ನು "ತೆ" ಹೇಳುವುದೇ ಇಲ್ಲ. ಮಾತಿನಲ್ಲಿ ದನಿ ಆ ಕೆಲಸ ಮಾಡುತ್ತದೆ. ಕಾಗದದಲ್ಲಿ ಓದುಗನೇ ಊಹಿಸಿಕೊಳ್ಳಬೇಕು. ಗ್ರಾಹಕರಿಗೆ ಹೋಗುವ ವರದಿಯನ್ನು ಊಹೆಗೆ ಬಿಡಲು ಯಾವ ಮುಖ್ಯಸ್ಥನೂ ಒಪ್ಪುವುದಿಲ್ಲ.

ತಿದ್ದಿದ್ದನ್ನೆಲ್ಲ ಮೂರು ಗುಂಪು ಮಾಡಿ ಎಂದೆ. ವ್ಯಾಕರಣವೇ ತಪ್ಪಿದ್ದು ಒಂದು. ವ್ಯಾಕರಣ ಸರಿ, ಶೈಲಿ ಹೊಂದದ್ದು ಎರಡನೆಯದು. ಆ ಮನುಷ್ಯನ ಸ್ವಂತ ರುಚಿ ಮೂರನೆಯದು. ಮುಂದಿನ ವಾರ ಪಟ್ಟಿ ಹಿಡಿದು ಬಂದಾಗ ಆಕೆಯ ಮುಖದಲ್ಲೇ ಗೊತ್ತಾಯಿತು. ಮೊದಲ ಗುಂಪು ಬಹಳ ಸಣ್ಣದು, ಎರಡನೆಯದು ದೊಡ್ಡದು. ಮೂರನೆಯದರಲ್ಲಿ ಅಲ್ಪವಿರಾಮದ ಜಾಗ ಬದಲಿಸಿದಂಥವು. ಅದನ್ನು ಕಲಿಯುವ ಗೋಜಿಗೇ ಹೋಗಬೇಡಿ, ಅವರು ವರ್ಗವಾಗಿ ಹೋದರೆ ಬರುವವರ ರುಚಿ ಬೇರೆ ಇರುತ್ತದೆ ಎಂದೆ. ನಕ್ಕರು.

ಎನ್1 ಓದನ್ನು ಸದ್ಯಕ್ಕೆ ನಿಲ್ಲಿಸಲು ಹೇಳಿದ್ದು ಆಕೆಗೆ ಹಿಡಿಸಲಿಲ್ಲ. 1984ರಲ್ಲಿ ಶುರುವಾಗಿ 2010ರಲ್ಲಿ ಐದು ಹಂತಗಳಾಗಿ ಮಾರ್ಪಟ್ಟ ಈ ಪರೀಕ್ಷೆಯಲ್ಲಿ ಬರೆಯುವ ಪತ್ರಿಕೆಯೇ ಇಲ್ಲ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವುದಷ್ಟೇ. ಎನ್2 ಪಾಸಾದವರು ಸ್ವಂತವಾಗಿ ಒಂದು ಪ್ಯಾರಾ ಬರೆಯದೆಯೂ ಪಾಸಾಗಿರಬಹುದು. ಎನ್1ರಲ್ಲಿ ಬರುವ ಹಳೆಯ ಗ್ರಾಂಥಿಕ ಪ್ರಯೋಗಗಳನ್ನು ಎರರ್ ವರದಿಗೆ ತುರುಕಿದರೆ ಕೆಂಪು ಇನ್ನೂ ಹೆಚ್ಚುತ್ತದೆ.

ಶೈಲಿಯ ತಪ್ಪುಗಳು ಎಂಥವು? ಆಡುಮಾತಿನ ಪದಗಳು ಬರಹಕ್ಕೆ ನುಗ್ಗಿದ್ದವು. "ಆದರೆ"ಗೆ "ದೆಮೊ" ಬರೆದಿದ್ದರು, ವರದಿಗೆ "ಶಿಕಾಶಿ" ಬೇಕು. "ಆದ್ದರಿಂದ"ಗೆ "ದಾಕಾರಾ" ಇದ್ದಲ್ಲಿ "ಸೊನೊ ತಾಮೆ". "ದೆಸು-ಮಾಸು" ಎಂಬ ಮರ್ಯಾದೆಯ ಶೈಲಿಯಲ್ಲಿ ಹೊರಟ ಪ್ಯಾರಾ ನಡುವೆ "ದಾ-ದೆಅರು" ಎಂಬ ಸಾದಾ ಶೈಲಿಗೆ ಜಾರಿ ಮತ್ತೆ ವಾಪಸ್ ಬರುತ್ತಿತ್ತು. ಸಾಲುಸಾಲಿಗೂ ಕೊನೆಯಲ್ಲಿ "ತೊ ಒಮೊಇಮಾಸು", ಅಂದರೆ "ಅನಿಸುತ್ತದೆ". ಲಾಗ್‌ನಲ್ಲಿ ಕಣ್ಣಾರೆ ಕಂಡದ್ದಕ್ಕೂ ಅನಿಸುತ್ತದೆ, ಊಹೆಗೂ ಅನಿಸುತ್ತದೆ. ಕಂಪ್ಯೂಟರ್ ತಾನಾಗಿ ಕಾಂಜಿಗೆ, ಅಂದರೆ ಚೀನೀ ಮೂಲದ ಅಕ್ಷರಕ್ಕೆ ತಿರುಗಿಸಿದ "ಕೊತೊ" (ಸಂಗತಿ), "ತೊಕಿ" (ಹೊತ್ತು), "ಕುದಾಸಾಇ" (ದಯವಿಟ್ಟು)ಗಳನ್ನು ಹಾಗೇ ಬಿಟ್ಟಿದ್ದರು. ಸರ್ಕಾರಿ ಬರಹದ ಪದ್ಧತಿಯಲ್ಲಿ ಇವು ಬರೀ ವ್ಯಾಕರಣದ ಕೆಲಸ ಮಾಡುವಾಗ ಉಚ್ಚಾರಣೆಯಂತೆ ಬರೆಯುವ ಹಿರಾಗಾನಾ ಲಿಪಿಯಲ್ಲೇ ಇರಬೇಕು.

ಎಲ್ಲಕ್ಕಿಂತ ನಷ್ಟ ಮಾಡುತ್ತಿದ್ದದ್ದು "ವಾಕಾರಿಮಾಸೆನ್", ಗೊತ್ತಿಲ್ಲ. ಕಾರಣ ಹುಡುಕುತ್ತಲೇ ಇದ್ದರು, ಬರೆದದ್ದು ಮಾತ್ರ ಗೊತ್ತಿಲ್ಲ ಎಂದು. ಓದಿದವರಿಗೆ ಈಕೆ ಕೈಚೆಲ್ಲಿದ್ದಾರೆ ಎಂದೇ ಕಾಣುತ್ತದೆ. "ಕಾಕುನಿನ್‌ಚೂ ದೆಸು" (ಪರಿಶೀಲನೆಯಲ್ಲಿದೆ) ಅಥವಾ "ತೊಕುತೇ ದೆಕಿತೆ ಇಮಾಸೆನ್" (ಇನ್ನೂ ಖಚಿತಪಟ್ಟಿಲ್ಲ) ಎಂದರೆ ಕೆಲಸ ನಡೆದಿದೆ ಎಂದಾಗುತ್ತದೆ. ಅದೇ ಸಾಲಿನ "ಕೊಮಾತ್ತೆ ಇಮಾಸು", ತೊಂದರೆಯಲ್ಲಿದ್ದೇವೆ, ಗೆಳತಿಗೆ ಹೇಳುವ ಮಾತು. ವರದಿಯಲ್ಲಿ ಆ ಜಾಗಕ್ಕೆ ಬೇಕಾದ್ದು, ಮಧ್ಯಾಹ್ನದೊಳಗೆ ಉತ್ತರ ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ ಎಂಬ ಮಾತು.

ಹೀಗೆ ಮಾತಾಡುತ್ತಿರುವಾಗ, ಜಪಾನೀಯಲ್ಲಿ ಬೇರೆ ಏನಾದರೂ ಬರೆಯುತ್ತೀರಾ ಎಂದು ಸುಮ್ಮನೆ ಕೇಳಿದೆ. "ಮಗನ ರೆನ್‌ರಾಕುಚೊ ಬರೀತೀನ್ರಿ, ಅದೇನು ಬರವಣಿಗಿ ಅಲ್ಲ ಬಿಡ್ರಿ" ಎಂದರು. ಹೊಇಕುಎನ್‌ಗೂ ಮನೆಗೂ ನಡುವೆ ದಿನಾ ಓಡಾಡುವ ಸಂಪರ್ಕ ಪುಸ್ತಕ ಅದು. ಬೆಳಿಗ್ಗೆ ಮಗುವಿನ ಜ್ವರದ ಅಳತೆ, ತಿಂದದ್ದು, ಮಲಗಿದ ಹೊತ್ತು, ಯಾರು ಕರೆದೊಯ್ಯಲು ಬರುತ್ತಾರೆ ಎಂಬುದನ್ನು ತಾಯಿ ಬರೆಯಬೇಕು. ಸಂಜೆ ಅಲ್ಲಿನವರು ಬರೆಯುತ್ತಾರೆ. ಒಂದು ಪುಟ ಓದಿಸಿದೆ. ಜ್ವರ ಇಲ್ಲ. ಬಾಳೆಹಣ್ಣು ಅರ್ಧ ತಿಂದ. ರಾತ್ರಿ ಎರಡು ಸಲ ಕೆಮ್ಮಿದ. ಮಧ್ಯಾಹ್ನವೂ ಕೆಮ್ಮಿದರೆ ದಯವಿಟ್ಟು ಫೋನ್ ಮಾಡಿ, ಆಫೀಸಿನಿಂದ ಬರುತ್ತೇನೆ.

ಒಂದು ವಾಕ್ಯಕ್ಕೆ ಒಂದೇ ಸಂಗತಿ. ಆದದ್ದು, ಈಗಿನ ಸ್ಥಿತಿ, ಮುಂದೆ ಮಾಡಬೇಕಾದ್ದು. ಅಷ್ಟು ಚೊಕ್ಕ ಜಪಾನೀಯನ್ನು ಬರೆಯುತ್ತಿದ್ದವರು ಇವರೇ. ಮಗನ ವಿಷಯ ಬರೆಯುವಾಗ ತಾನು ಹೇಗೆ ಕಾಣುತ್ತೇನೆ ಎಂಬ ಚಿಂತೆ ಇರಲಿಲ್ಲ, ಅಲ್ಲಿನವರಿಗೆ ತಿಳಿಯಬೇಕು ಎಂಬುದೊಂದೇ ಇತ್ತು. ವರದಿ ಬರೆಯಲು ಕೂತಾಗ ಇದು ತಿರುವುಮುರುವಾಗುತ್ತಿತ್ತು.

ಹಾಗಾಗಿ ಸಲಹೆ ಸರಳವಾಯಿತು. ವರದಿಯನ್ನು ಮೊದಲು ಮಗನ ಪುಸ್ತಕದಂತೆ ಬರೆಯಿರಿ. ಈಗ ಎಲ್ಲಿಗೆ ಬಂದಿದೆ ಎಂಬುದು ಮೊದಲ ಸಾಲಿನಲ್ಲಿರಲಿ: ವೆಂಡರ್ ಉತ್ತರಕ್ಕೆ ಕಾಯುತ್ತಿದ್ದೇವೆ. ಏನಾಯಿತು, ಏನು ನೋಡಿದಿರಿ, ಏನು ಬಾಕಿ ಎಂಬುದು ಆಮೇಲೆ, ಒಂದೊಂದು ಸಾಲಿನಲ್ಲಿ. ಎರಡನೆಯ ಸುತ್ತಿನಲ್ಲಿ ಆಡುಮಾತನ್ನು ಬರಹದ ಪದಕ್ಕೆ ಬದಲಿಸಿ. "ದೆತೆ" (ಬಂದು) ಇದ್ದರೆ "ಹಸ್ಸೇ ಶಿ" (ಉಂಟಾಗಿ) ಮಾಡಿ, "ತೆ" ಮೂರನೇ ಸಲ ಬಂದಲ್ಲಿ ಪೂರ್ಣವಿರಾಮ ಹಾಕಿ. ಗೌರವದ ರೂಪ ಕೊನೆಗೆ. ಅದೂ ಮೇಲ್‌ನ ಆರಂಭಕ್ಕೆ, ಮುಗಿತಾಯಕ್ಕೆ ಮತ್ತು ಏನನ್ನಾದರೂ ಕೇಳಿಕೊಳ್ಳುವ ಕಡೆಗೆ ಸಾಕು.

ಎಐ ಬರೆದ ವರದಿ ಹಾಳಾದದ್ದು ಈ ಗೌರವದ ರೂಪದಲ್ಲೇ. ಪ್ರತಿ ಕೆಲಸಕ್ಕೂ "ಸಾಸೆತೆ ಇತಾದಾಕಿಮಾಸು" ಅಂಟಿಸಿಬಿಟ್ಟಿತ್ತು. ಎದುರಿನವರ ಅನುಮತಿಯಿಂದ ಮಾಡುತ್ತಿರುವಾಗ, ಅದರಿಂದ ತನಗೆ ಉಪಕಾರವಾಗುವಾಗ ಬಳಸುವ ಮಾತಿದು ಎಂದು 2007ರಲ್ಲಿ ಅಲ್ಲಿನ ಸಂಸ್ಕೃತಿ ಮಂಡಳಿ ಹೊರಡಿಸಿದ ಗೌರವಭಾಷೆಯ ಮಾರ್ಗಸೂಚಿ ಹೇಳುತ್ತದೆ. ಲಾಗ್ ನೋಡಲು ಯಾರ ಅನುಮತಿ ಬೇಕು? ನೋಡಿದೆ ಎಂದರೆ ಸಾಕು. ಎಐ ಬೇಡವೇ ಬೇಡ ಎಂದು ನಾನು ಹೇಳಲಿಲ್ಲ. ನೀವು ಬರೆದು ಮುಗಿಸಿದ ಮೇಲೆ ಕೊಡಿ, ತಪ್ಪನ್ನು ತೋರಿಸು, ತಿದ್ದಬೇಡ ಎಂದು ಹೇಳಿ ಎಂದೆ.

ಒಳ್ಳೆಯ ಶೈಲಿಗಾಗಿ ಆಸಾಹಿ ಪತ್ರಿಕೆಯ "ತೆನ್‌ಸೇ ಜಿಂಗೊ" ಅಂಕಣವನ್ನು ದಿನಾ ನಕಲು ಮಾಡಿ ಎಂದು ಯಾರೋ ಹೇಳಿದ್ದರಂತೆ. ಜಪಾನೀಯರೇ ಅದನ್ನು ನಕಲು ಮಾಡುತ್ತಾರೆ, ಅದಕ್ಕೆಂದೇ ಪುಸ್ತಕ ಮಾರಾಟಕ್ಕಿದೆ. ಅಂಕಣ ಸೊಗಸಾದದ್ದೇ, ಆದರೆ ಅದು ಪ್ರಬಂಧದ ನಡಿಗೆ, ಮುಖ್ಯ ಮಾತು ಕೊನೆಯಲ್ಲಿ ಬರುತ್ತದೆ. ವರದಿ ಬರೆಯುವವರಿಗೆ ನನ್ನ ಓಟು ಅದಕ್ಕಿಲ್ಲ. ತಂಡದ ಹಳೆಯ ವರದಿಗಳಲ್ಲಿ ತಿದ್ದುಪಡಿಯಿಲ್ಲದೆ ಗ್ರಾಹಕರಿಗೆ ಹೋದ ಒಂದನ್ನು ಹುಡುಕಿ, ಕೈಯಲ್ಲಿ ನಕಲು ಮಾಡಿ ಎಂದೆ. ಎರರ್‌ಗೆ ಯಾವ ಕ್ರಿಯಾಪದ ಹೊಂದುತ್ತದೆ ಎಂಬಂಥ ಅನುಮಾನಕ್ಕೆ ರಾಷ್ಟ್ರೀಯ ಜಪಾನೀ ಭಾಷಾ ಸಂಶೋಧನಾ ಸಂಸ್ಥೆಯ ಬರಹಗಳ ಸಂಗ್ರಹವಿದೆ, ಪುಸ್ತಕ, ಪತ್ರಿಕೆ, ಸರ್ಕಾರಿ ಬರಹಗಳಿಂದ ಆಯ್ದ ಸುಮಾರು 10 ಕೋಟಿ ಪದಗಳದ್ದು. ನೋಂದಾಯಿಸಿಕೊಂಡರೆ "ಚೂನಾಗೊನ್" ಎಂಬ ಅದರ ಹುಡುಕು ಪುಟ ಪುಕ್ಕಟೆ ಸಿಗುತ್ತದೆ.

ಇನ್ನು ಆಕೆಯ ಮನಸ್ಸಿನ ಮಾತು. ಕೆಂಪು ಶಾಯಿ ತನ್ನ ಮೇಲೆ ಬರೆದ ತೀರ್ಪು ಎಂದುಕೊಂಡಿದ್ದರು. ಬರೆದದ್ದನ್ನು ತಿದ್ದಿಕೊಡುವ "ತೆನ್‌ಸಾಕು" ಜಪಾನಿನಲ್ಲಿ ಶಾಲೆಯಿಂದಲೇ ರೂಢಿ. ಹೊಸದಾಗಿ ಸೇರಿದ ಜಪಾನೀ ಹುಡುಗರ ಮೇಲ್‌ಗಳನ್ನೂ ಹಿರಿಯರು ತಿದ್ದುವುದುಂಟು. ನುರಿತ ಅಧಿಕಾರಿಗಳಿಗೇ ಅಲ್ಲಿ ಹೇಳಿಕೊಡಬೇಕಾಗಿದೆ: 1952ರ ಸರ್ಕಾರಿ ಬರಹದ ಸೂಚನೆಗಳ ಜಾಗಕ್ಕೆ 2022ರ ಜನವರಿಯಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ವಾಕ್ಯ ಚಿಕ್ಕದಿರಲಿ, ಒಂದು ವಾಕ್ಯಕ್ಕೆ ಒಂದೇ ವಿಷಯವಿರಲಿ, ಶೈಲಿ ಬೆರೆಸಬೇಡಿ ಎಂದೆಲ್ಲ ಇದೆ. ಇದನ್ನು ಓದಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಹಂಗಾರ ಅವರಿಗೂ ಹೇಳಬೇಕಾಗ್ತದ?" ಎಂದರು.

ಹೊರಗಿನವರು ಎಂದಾದರೂ ಅವರಂತೆ ಬರೆಯಲಾದೀತೇ ಎಂದೂ ಕೇಳಿದರು. ಚೀನಾದಲ್ಲಿ ಹುಟ್ಟಿದ ಯಾಂಗ್ ಯಿ 2008ರಲ್ಲಿ, ತೈವಾನಿನ ಲಿ ಕೊತೊಮಿ 2021ರಲ್ಲಿ ಜಪಾನೀಯಲ್ಲಿ ಬರೆದ ಕೃತಿಗಳಿಗೆ ಅಲ್ಲಿನ ಹೆಸರಾಂತ ಸಾಹಿತ್ಯ ಪ್ರಶಸ್ತಿಯಾದ ಅಕುತಾಗಾವಾ ಪಡೆದಿದ್ದಾರೆ. ಆದೀತು ಎಂಬುದಕ್ಕೆ ಅಷ್ಟು ಸಾಕು. ಆದರೆ ಎರರ್ ವರದಿಯನ್ನು ಆ ಅಳತೆಗೆ ಹಚ್ಚುವುದು ತಮಗೆ ತಾವೇ ಮಾಡಿಕೊಳ್ಳುವ ಹಿಂಸೆ ಎಂದೆ.

ಮುಖ್ಯಸ್ಥರೊಂದಿಗೆ ಮಾತಾಡಲು ಆಕೆಗೆ ಭಯವಿತ್ತು. "ನನ್ನ ಜಪಾನೀ ಹೇಗಿದೆ" ಎಂದು ಕೇಳಬೇಡಿ, ಅದಕ್ಕೆ ಮರ್ಯಾದೆಯ ಉತ್ತರ ಮಾತ್ರ ಬರುತ್ತದೆ ಎಂದೆ. ತಿದ್ದಿದ ಒಂದೇ ವಾಕ್ಯವನ್ನು ಮುಂದಿಟ್ಟು, ಗ್ರಾಹಕರು ಇದನ್ನು ಓದಿದರೆ ಎಲ್ಲಿ ಎಡವುತ್ತಾರೆ ಎಂದು ಕೇಳಲು ಹೇಳಿದೆ. ಎರಡು ವಾರ ಮುಂದೂಡಿ, ಕೊನೆಗೆ ಕೇಳಿದರು. ಆತ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರಂತೆ. ಕಾರಣ ಬರೆಯುತ್ತಾ ಹೋದರೆ ಈಕೆಗೆ ಬೇಸರವಾದೀತೆಂದೇ ಇಷ್ಟು ದಿನ ಬರೀ ತಿದ್ದಿ ಕಳಿಸುತ್ತಿದ್ದರಂತೆ.

ಈಗ ಕೆಲವು ತಿಂಗಳಾಗಿವೆ. ಕೆಂಪು ನಿಂತಿಲ್ಲ, ಆದರೆ ಬಹುಪಾಲು ಮೂರನೆಯ ಗುಂಪಿನದು. ಭಾನುವಾರದ ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಬಡ್ತಿಯ ಮಾತು ಬಂದಾಗ ಎದೆಬಡಿತ ಮತ್ತೆ ಕಾಣಿಸಿಕೊಂಡಿತ್ತು, ಅದನ್ನು ಬೇರೆಯಾಗಿ ನೋಡುತ್ತಿದ್ದೇವೆ. ಮೊನ್ನೆ ಡಿಸೆಂಬರಿನ ಎನ್1ಗೆ ಕೂರಲೇ ಎಂದು ಕೇಳಿದರು. ಕಂಪನಿ ಅದಕ್ಕೆ ಭತ್ಯೆ ಕೊಡುವುದಾದರೆ ಕೂರಿ, ಓದುವ ಹೊತ್ತನ್ನು ಮಾತ್ರ ಬರೆಯುವ ಅಭ್ಯಾಸದ ಲೆಕ್ಕಕ್ಕೆ ಹಾಕಬೇಡಿ ಎಂದಿದ್ದೇನೆ.