ಮೂರು ದಿನ ಬಂದವರು ಮೂವರಲ್ಲ: ಲುಕರ್ ಸ್ಟುಡಿಯೋ ಪ್ರಶ್ನೆಗಳಿಗೆ ಉತ್ತರ

ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4 ಅನ್ನು, ಆ ಅಂಕಿಗಳನ್ನು ಚಾರ್ಟುಗಳ ರಿಪೋರ್ಟಾಗಿ ತೋರಿಸುವ ಲುಕರ್ ಸ್ಟುಡಿಯೋಗೆ ಜೋಡಿಸುವ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತವೆ. ಎರಡನ್ನೂ ಬೆಸೆಯುವ ಕನೆಕ್ಟರ್ ಎಲ್ಲಿದೆ, ಯಾವ ಬಟನ್ ಒತ್ತಬೇಕು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಪ್ರಾಪರ್ಟಿಗೆ (ಅನಲಿಟಿಕ್ಸ್ ಒಳಗೆ ನಿಮ್ಮ ಸೈಟಿನ ಲೆಕ್ಕ ಇರುವ ಜಾಗ) ವ್ಯೂವರ್, ಅಂದರೆ ಬರೀ ನೋಡುವ ಅನುಮತಿ ಇದ್ದರೆ ಸಾಕು, ಅದು ಎರಡು ನಿಮಿಷದ ಕೆಲಸ. ತಲೆನೋವು ಶುರುವಾಗುವುದು ಜೋಡಿಸಿದ ಮೇಲೆ.

ಪ್ರಶ್ನೆ: ನಮ್ಮದು ಅಡುಗೆಯ ವೆಬ್‌ಸೈಟ್. ಕಳೆದ ತಿಂಗಳ ಯೂಸರ್ಸ್ ಸಂಖ್ಯೆ ಅನಲಿಟಿಕ್ಸ್‌ನಲ್ಲಿ ಒಂದು, ಲುಕರ್ ಸ್ಟುಡಿಯೋದಲ್ಲಿ ಇನ್ನೊಂದು, ಶೀಟಿಗೆ ಇಳಿಸಿ ಕೂಡಿಸಿದರೆ ಮತ್ತೊಂದು ಬರುತ್ತಿದೆ. ಕನೆಕ್ಷನ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಕೂಡಿಸಬಾರದ್ದನ್ನು ಕೂಡಿಸಿದ್ದೀರಿ, ಅಷ್ಟೇ.

ಒಬ್ಬಾಕೆ ಸೋಮವಾರ ಬಿಸಿಬೇಳೆಬಾತ್ ಪುಡಿಯ ಅಳತೆ ನೋಡಲು ನಿಮ್ಮ ಸೈಟಿಗೆ ಬಂದರು. ಬುಧವಾರ ಅದೇ ಪುಟಕ್ಕೆ ಮತ್ತೆ ಬಂದರು, ಶನಿವಾರ ಒಬ್ಬಟ್ಟಿನ ಹೂರಣಕ್ಕೆಂದು ಬಂದರು. ಫೋನೂ ಅದೇ, ಬ್ರೌಸರೂ ಅದೇ. ದಿನವಾರು ಪಟ್ಟಿಯಲ್ಲಿ ಅವರು ಮೂರು ಸಾಲಿನಲ್ಲಿ ಒಂದೊಂದು ಎಂದು ಸಿಗುತ್ತಾರೆ. ವಾರದ ಲೆಕ್ಕದಲ್ಲಿ ಮಾತ್ರ ಒಬ್ಬರೇ. ಎರಡೂ ಸರಿ. ಆ ಮೂರು ಸಾಲುಗಳನ್ನು ಶೀಟಿಗೆ ಇಳಿಸಿ ಕೂಡಿಸಿದಾಗ ಬರುವ ‘ಮೂವರು’ ಮಾತ್ರ ತಪ್ಪು. ಪುಟವಾರು ಪಟ್ಟಿಯಲ್ಲೂ ಹೀಗೆಯೇ: ಅವರು ಎರಡು ಪುಟ ನೋಡಿದ್ದಾರೆ, ಆದರೆ ಇಬ್ಬರಾಗಲಿಲ್ಲ.

ಲುಕರ್ ಸ್ಟುಡಿಯೋ ಇದನ್ನು ಸರಿಯಾಗಿಯೇ ನಿಭಾಯಿಸುತ್ತದೆ. ಅನಲಿಟಿಕ್ಸ್‌ಗೆ ನೇರವಾಗಿ ಜೋಡಿಸಿದ ಪಟ್ಟಿಯ ಕೊನೆಯಲ್ಲಿ ಒಟ್ಟು ಸಾಲು ಹಾಕಿದರೆ, ಅದು ಮೇಲಿನ ಸಾಲುಗಳನ್ನು ಕೂಡಿಸುವ ಬದಲು ಇಡೀ ಅವಧಿಗೆ ಎಷ್ಟು ಜನ ಎಂದು ಅನಲಿಟಿಕ್ಸ್‌ನ್ನೇ ಮತ್ತೆ ಕೇಳುತ್ತದೆ. ಹಾಗಾಗಿ ಸಾಲುಗಳ ಮೊತ್ತಕ್ಕಿಂತ ಒಟ್ಟು ಕಡಿಮೆ ಕಾಣುತ್ತದೆ. ‘ಟೋಟಲ್ ತಪ್ಪು ತೋರಿಸುತ್ತಿದೆ’ ಎಂದು ಬರೆಯುವವರೆಲ್ಲ ನೋಡುತ್ತಿರುವುದು ಈ ಸರಿಯಾದ ಸಂಖ್ಯೆಯನ್ನೇ. ಎಡವಟ್ಟಾಗುವುದು ರಿಪೋರ್ಟ್ ವೇಗವಾಗಲಿ ಎಂದು ‘ಎಕ್ಸ್‌ಟ್ರಾಕ್ಟ್ ಡೇಟಾ’ (ಡೇಟಾದ ನಕಲು ತೆಗೆದಿಡುವ ಸೌಲಭ್ಯ) ಬಳಸಿದಾಗ. ದಿನಾಂಕ ಮತ್ತು ಯೂಸರ್ಸ್ ಎರಡನ್ನೂ ಸೇರಿಸಿ ತೆಗೆದಿಟ್ಟ ನಕಲಿನಲ್ಲಿ ಉಳಿಯುವುದು ದಿನದ ಅಂಕಿಗಳು ಮಾತ್ರ, ಅವರಲ್ಲಿ ಯಾರು ಯಾರು ಒಬ್ಬರೇ ಎಂಬ ಸುಳಿವು ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಲುಕರ್ ಸ್ಟುಡಿಯೋ ಕೂಡ ನಿಮ್ಮ ಹಾಗೆಯೇ ಕೂಡಿಸುತ್ತದೆ.

ಇನ್ನು, ಮೊದಲ ಎರಡು ಸಂಖ್ಯೆಗಳೇ ಬೇರೆಯಾಗಿರುವುದೇಕೆ? ಅನಲಿಟಿಕ್ಸ್‌ನ ಸಿದ್ಧ ವರದಿಗಳಲ್ಲಿ ‘ಯೂಸರ್ಸ್’ ಎಂದರೆ ಆಕ್ಟಿವ್ ಯೂಸರ್ಸ್. ನಿಮ್ಮ ಚಾರ್ಟಿನಲ್ಲಿ ಕೂತಿರುವುದು ಬಹುತೇಕ ಟೋಟಲ್ ಯೂಸರ್ಸ್. ಬಂದು ಕ್ಷಣದಲ್ಲೇ ಹೊರಟವರೂ ಟೋಟಲ್‌ಗೆ ಸೇರುತ್ತಾರೆ, ಆಕ್ಟಿವ್‌ಗೆ ಎಲ್ಲರೂ ಸೇರುವುದಿಲ್ಲ. ಚಾರ್ಟಿನ ಮೆಟ್ರಿಕ್ (ಎಣಿಸುವ ಅಂಕಿ) ಆಕ್ಟಿವ್ ಯೂಸರ್ಸ್ ಎಂದು ಬದಲಿಸಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅವಧಿಯನ್ನೂ ನೋಡಿ. ಲುಕರ್ ಸ್ಟುಡಿಯೋ ತಾನಾಗಿ ಹಿಡಿಯುವುದು ಇಂದಿನ ದಿನ ಬಿಟ್ಟು ಹಿಂದಿನ 28 ದಿನಗಳನ್ನು, ‘ಕಳೆದ ತಿಂಗಳು’ ಅದಲ್ಲ. ಇಂದು, ನಿನ್ನೆಯ ಅಂಕಿಗಳನ್ನಂತೂ ಹೋಲಿಸಲೇಬೇಡಿ. ಅನಲಿಟಿಕ್ಸ್ ಲೆಕ್ಕ ಪೂರ್ತಿ ಮಾಡಲು 24ರಿಂದ 48 ಗಂಟೆ ತೆಗೆದುಕೊಳ್ಳುತ್ತದೆ. ಅದರ ಮೇಲೆ ಲುಕರ್ ಸ್ಟುಡಿಯೋ ಒಮ್ಮೆ ತಂದದ್ದನ್ನು ಸಾಮಾನ್ಯವಾಗಿ 12 ಗಂಟೆ ಇಟ್ಟುಕೊಂಡೇ ತೋರಿಸುತ್ತದೆ.

ಜೋಡಣೆ ಸರಿಯಿದೆಯೇ ಎಂದು ನೋಡುವ ದಾರಿ ಯೂಸರ್ಸ್ ಅಲ್ಲವೇ ಅಲ್ಲ. ಮೂರ್ನಾಲ್ಕು ದಿನ ಹಿಂದೆ ಮುಗಿದ ಒಂದು ವಾರವನ್ನು ಆರಿಸಿ, ಎರಡೂ ಕಡೆ ಅದೇ ದಿನಾಂಕ ಹಾಕಿ, ಎಲ್ಲ ಫಿಲ್ಟರ್ ತೆಗೆದು ವ್ಯೂಸ್ (ಪುಟಗಳು ಎಷ್ಟು ಸಲ ತೆರೆದಿವೆ) ಅಥವಾ ಇವೆಂಟ್ ಕೌಂಟ್ (ಸೈಟಿನಲ್ಲಿ ದಾಖಲಾದ ಒಟ್ಟು ಕ್ರಿಯೆಗಳು) ನೋಡಿ. ಇವು ಕೂಡಿಸಬಹುದಾದ ಸಂಖ್ಯೆಗಳು. ಇವು ತಾಳೆಯಾದರೆ ಜೋಡಣೆ ಸರಿಯಾಗಿದೆ. ಉಳಿದದ್ದು ನೀವು ಕೇಳುತ್ತಿರುವ ಪ್ರಶ್ನೆಯ ವ್ಯತ್ಯಾಸ. ಇವೇ ತಾಳೆಯಾಗದಿದ್ದರೆ ಬೇರೆ ಪ್ರಾಪರ್ಟಿಗೆ ಜೋಡಿಸಿದ್ದೀರೋ ಎಂದು ಮೊದಲು ನೋಡಿ.

ಇಷ್ಟಾದ ಮೇಲೂ ಸಣ್ಣ ವ್ಯತ್ಯಾಸ ಉಳಿಯಬಹುದು. ಅನಲಿಟಿಕ್ಸ್ ಯೂಸರ್ಸ್ ಸಂಖ್ಯೆಯನ್ನು ಒಬ್ಬೊಬ್ಬರನ್ನೇ ಎಣಿಸಿ ಕೊಡುವುದಿಲ್ಲ, ಅಂದಾಜಿನ ವಿಧಾನದಿಂದ ಕೊಡುತ್ತದೆ. ಅದೇ ಮಹಿಳೆ ಆಫೀಸಿನ ಲ್ಯಾಪ್‌ಟಾಪಿನಿಂದಲೂ ನಿಮ್ಮ ಸೈಟ್ ತೆರೆದರೆ, ಲಾಗಿನ್ ವ್ಯವಸ್ಥೆ ಇಲ್ಲದ ಸೈಟಿನಲ್ಲಿ ಸಾಮಾನ್ಯವಾಗಿ ಇಬ್ಬರಾಗುತ್ತಾರೆ. ‘ನೂರಕ್ಕೆ ನೂರು ತಾಳೆ ಮಾಡಿಕೊಡುತ್ತೇವೆ’ ಎಂದು ಡ್ಯಾಶ್‌ಬೋರ್ಡ್ ಟೆಂಪ್ಲೇಟ್ ಮಾರುವವರಿಗೆ ದಯವಿಟ್ಟು ಹಣ ಕೊಡಬೇಡಿ. ಅಂಥವರು ಮಾಡಿಕೊಟ್ಟ ರಿಪೋರ್ಟುಗಳನ್ನು ಬಿಚ್ಚಿ ನೋಡಿದ್ದೇನೆ. ಒಟ್ಟು ಹೊಂದಲಿ ಎಂದು ಸೂತ್ರದಲ್ಲೇ ಒಂದು ಗುಣಕ ಸೇರಿಸಿಟ್ಟಿದ್ದರು. ಅದು ಶುದ್ಧ ಮೋಸ.

ಪ್ರಶ್ನೆ: ರಿಪೋರ್ಟ್ ತೆರೆದರೆ ‘ಕೋಟಾ ಎರರ್’ ಬರುತ್ತದೆ. ದುಡ್ಡಿನ ಕನೆಕ್ಟರ್ ಕೊಳ್ಳಬೇಕೇ?

ಕೊಳ್ಳುವ ಮೊದಲು ನಿಮ್ಮ ಪುಟದಲ್ಲಿ ಎಷ್ಟು ಚಾರ್ಟ್ ಇವೆ ಎಣಿಸಿ. ಲುಕರ್ ಸ್ಟುಡಿಯೋಗೆ 2022ರ ನವೆಂಬರ್‌ನಿಂದ ಗೂಗಲ್ ಮಿತಿ ಹಾಕಿದೆ. ಪ್ರತಿ ಚಾರ್ಟೂ ಅಂಕಿಗಾಗಿ ಅನಲಿಟಿಕ್ಸ್ ಬಳಿ ವಿಚಾರಿಸುತ್ತದೆ, ಉಚಿತ ಪ್ರಾಪರ್ಟಿಗೆ ಒಂದೇ ಹೊತ್ತಿಗೆ ಇಂಥ 10 ವಿಚಾರಣೆಗಳಷ್ಟೇ. ಇಪ್ಪತ್ತು ಚಾರ್ಟಿನ ಪುಟವನ್ನು ಮೀಟಿಂಗಿನಲ್ಲಿ ನಾಲ್ವರು ಒಟ್ಟಿಗೆ ತೆರೆದರೆ ಎರರ್ ಬಾರದೆ ಇನ್ನೇನಾದೀತು? ಚಾರ್ಟ್ ಕಡಿಮೆ ಮಾಡಿ, ಪುಟ ಒಡೆಯಿರಿ. ವ್ಯೂಸ್, ಇವೆಂಟ್‌ಗಳಿಗೆ ಎಕ್ಸ್‌ಟ್ರಾಕ್ಟ್ ಬಳಸಿ. ಯೂಸರ್ಸ್‌ಗೆ ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಆಮೇಲೂ ಸಾಲದಿದ್ದರೆ ಗೂಗಲ್‌ನ ಡೇಟಾ ಉಗ್ರಾಣವಾದ ಬಿಗ್‌ಕ್ವೆರಿ. ಇದನ್ನು ಇವತ್ತೇ ಜೋಡಿಸಿ, ಬೇಕಾದಾಗ ನೋಡೋಣ ಎನ್ನಬೇಡಿ. ಜೋಡಿಸಿದ ದಿನದಿಂದಷ್ಟೇ ಡೇಟಾ ಬರುತ್ತದೆ, ಹಿಂದಿನದು ಬರುವುದಿಲ್ಲ. ಉಚಿತ ಪ್ರಾಪರ್ಟಿಯಿಂದ ದಿನಕ್ಕೆ 10 ಲಕ್ಷ ಇವೆಂಟ್‌ಗಳವರೆಗೆ ಕಳಿಸಬಹುದು, ಸಣ್ಣ ಸೈಟುಗಳಿಗೆ ಧಾರಾಳ. ಆದರೆ ಬಿಲ್ಲಿಂಗ್ ಸೇರಿಸದ ಉಚಿತ ರೂಪವಾದ ಸ್ಯಾಂಡ್‌ಬಾಕ್ಸ್‌ನಲ್ಲಿ ಟೇಬಲ್‌ಗಳು 60 ದಿನಕ್ಕೆ ಅಳಿಸಿಹೋಗುತ್ತವೆ. ಇನ್ನೊಂದು ಬಲೆ: ಅಲ್ಲಿನ ಇವೆಂಟ್ ಟೈಮ್‌ಸ್ಟ್ಯಾಂಪ್ ಯುಟಿಸಿಯಲ್ಲಿದೆ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಅದರಿಂದ ದಿನ ಲೆಕ್ಕ ಹಾಕಿದರೆ ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಬಂದವರೆಲ್ಲ ಹಿಂದಿನ ದಿನಕ್ಕೆ ಸೇರುತ್ತಾರೆ. ದಿನಕ್ಕೆ ಇವೆಂಟ್ ಡೇಟ್ ಕಾಲಂ ಬಳಸಿ, ಅದು ನಿಮ್ಮ ಪ್ರಾಪರ್ಟಿಯ ಸಮಯವಲಯದಲ್ಲೇ ಇರುತ್ತದೆ.

ಪ್ರಶ್ನೆ: ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಡೇಟಾ ಮರಳಿ ತಂದು ಡ್ಯಾಶ್‌ಬೋರ್ಡಿಗೆ ಸೇರಿಸುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಆಗುತ್ತದೆಯೇ?

ಆಗುವುದಿಲ್ಲ. ಅದು ಅನಲಿಟಿಕ್ಸ್ 4ಕ್ಕೂ ಹಿಂದಿನ ಆವೃತ್ತಿ, 2024ರ ಜುಲೈನಲ್ಲಿ ಅದರ ಬಾಗಿಲು ಮುಚ್ಚಿತು. ಅಷ್ಟರೊಳಗೆ ನೀವೇ ಇಳಿಸಿಟ್ಟುಕೊಂಡಿರದಿದ್ದರೆ ಯಾರಿಂದಲೂ ಸಾಧ್ಯವಿಲ್ಲ.

ಪ್ರಶ್ನೆ: ಸರ್ಚ್ ಕನ್ಸೋಲ್ ಕ್ಲಿಕ್ಸ್ ಮತ್ತು ಅನಲಿಟಿಕ್ಸ್ ಸೆಷನ್ಸ್ ಬ್ಲೆಂಡ್ ಮಾಡಿ ಒಂದೇ ಪಟ್ಟಿಗೆ ಸೇರಿಸಿದರೆ ಹೊಂದುತ್ತಿಲ್ಲ.

ಒಂದು ಗೂಗಲ್ ಹುಡುಕಾಟದಲ್ಲಿ ನಿಮ್ಮ ಲಿಂಕಿನ ಮೇಲೆ ಬಿದ್ದ ಕ್ಲಿಕ್ಕುಗಳ ಲೆಕ್ಕ, ಇನ್ನೊಂದು ಸೈಟಿಗಾದ ಭೇಟಿಗಳ ಲೆಕ್ಕ. ಹೊಂದುವ ವಸ್ತುಗಳೇ ಅಲ್ಲ, ಜೊತೆಗೆ ಸರ್ಚ್ ಕನ್ಸೋಲ್‌ನ ದಿನ ಕ್ಯಾಲಿಫೋರ್ನಿಯಾದ ಗಡಿಯಾರದಂತೆ ಬದಲಾಗುತ್ತದೆ. ಅಕ್ಕಪಕ್ಕ ಇಟ್ಟು ನೋಡಿ, ಬ್ಲೆಂಡ್ ಮಾಡಬೇಡಿ.

ಪ್ರಶ್ನೆ: ರಿಪೋರ್ಟ್ ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟ. ಈಗ ಚಾರ್ಟ್‌ಗಳೆಲ್ಲ ಖಾಲಿ.

ಡೇಟಾ ಸೋರ್ಸ್ ಅವರ ಖಾತೆಯ ಹೆಸರಿನಲ್ಲಿ, ‘ಓನರ್ಸ್ ಕ್ರೆಡೆನ್ಷಿಯಲ್ಸ್’ ಮೇಲೆ, ಅಂದರೆ ಅವರದೇ ಅನುಮತಿಯ ಬಲದ ಮೇಲೆ ನಡೆಯುತ್ತಿತ್ತು. ಅವರ ಅನುಮತಿ ತೆಗೆದಿರಿ, ರಿಪೋರ್ಟೂ ನಿಂತಿತು. ರಿಪೋರ್ಟಿನ ಎಡಿಟ್ ಅನುಮತಿ ನಿಮಗಿದ್ದರೆ ನಿಮ್ಮ ಸಂಸ್ಥೆಯದೇ ಖಾತೆಯಿಂದ ಅದೇ ಪ್ರಾಪರ್ಟಿಗೆ ಹೊಸ ಸೋರ್ಸ್ ಮಾಡಿ ಬದಲಿಸಿ. ಇದಕ್ಕಿಂತ ನನಗೆ ಹೆಚ್ಚು ಆತಂಕ ತರುವುದು, ಪ್ರಾಪರ್ಟಿಯನ್ನೇ ತಮ್ಮ ಖಾಸಗಿ ಜಿಮೇಲ್‌ನಲ್ಲಿ ತೆರೆದು ಮಾಲೀಕರಿಗೆ ಬರೀ ವ್ಯೂವರ್ ಅನುಮತಿ ಕೊಡುವ ಏಜೆನ್ಸಿಗಳು. ಒಪ್ಪಂದ ಮುರಿದ ದಿನ ಮಾಲೀಕರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಡ್ಮಿನ್ ಅನುಮತಿ ನಿಮ್ಮ ಹೆಸರಿನಲ್ಲಿದೆಯೇ ಎಂದು ಈಗಲೇ ನೋಡಿ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಅನುಮತಿ ಕೊಡಿ. ಓನರ್ಸ್ ಕ್ರೆಡೆನ್ಷಿಯಲ್ಸ್ ಇರುವ ರಿಪೋರ್ಟನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ವಾಟ್ಸಾಪ್ ಗುಂಪಿಗೆ ಹಾಕಲೂಬೇಡಿ.

ಪ್ರಶ್ನೆ: ನಮ್ಮ ಕನ್ನಡ ಸುದ್ದಿತಾಣದ ಪುಟಗಳ ಪಟ್ಟಿಯಲ್ಲಿ ಬರೀ ಪರ್ಸೆಂಟ್ ಗುರುತುಗಳೇ ಕಾಣುತ್ತವೆ. ವೈರಸ್ಸೇ?

ವೈರಸ್ ಅಲ್ಲ. ವಿಳಾಸದಲ್ಲಿ ಕನ್ನಡ ಬಳಸಿದರೆ ಪ್ರತಿ ಅಕ್ಷರಭಾಗವೂ ಮೂರು ಬೈಟ್ ಆಗಿ, ಒಂದೊಂದು ಬೈಟ್ ಮೂರು ಚಿಹ್ನೆಯಾಗಿ ಕಾಣುತ್ತದೆ. ‘ಮಳೆ’ ಎಂಬ ಪುಟ್ಟ ಪದದಲ್ಲಿ ಮ, ಳ, ಎತ್ವ ಮೂರು ಭಾಗ. ವಿಳಾಸದಲ್ಲಿ ಅದು 27 ಚಿಹ್ನೆ. ಉದ್ದ ತಲೆಬರಹವನ್ನೇ ವಿಳಾಸ ಮಾಡಿದರೆ ಅದು ಅನಲಿಟಿಕ್ಸ್ ಹಿಡಿದಿಟ್ಟುಕೊಳ್ಳುವ 1,000 ಚಿಹ್ನೆಗಳ ಮಿತಿಯನ್ನೂ ಮುಟ್ಟಬಹುದು. ಆಗ ಬಾಲ ಕತ್ತರಿಸಿಹೋಗುತ್ತದೆ. ಚಾರ್ಟಿನಲ್ಲಿ ಪೇಜ್ ಪಾತ್ (ವಿಳಾಸ) ಬದಲು ಪೇಜ್ ಟೈಟಲ್ (ತಲೆಬರಹ) ಹಾಕಿ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ತಲೆಬರಹವನ್ನು ಆಮೇಲೆ ತಿದ್ದುವ ಅಭ್ಯಾಸ ನಿಮ್ಮ ಡೆಸ್ಕಿಗಿದ್ದರೆ ಮಾತ್ರ ಒಂದೇ ಸುದ್ದಿ ಎರಡು ಸಾಲಾಗುತ್ತದೆ. ಅದಕ್ಕಾಗಿ ಮುಂದಿನ ಸುದ್ದಿಗಳ ವಿಳಾಸದಲ್ಲಿ ಪ್ರತಿ ಸುದ್ದಿಗೂ ಬೇರೆಯಾದ ಒಂದು ಸಂಖ್ಯೆ ಸೇರಿಸಿ, ಎರಡೂ ಸಾಲು ಒಂದೇ ಸುದ್ದಿಯದೆಂದು ಅದರಿಂದ ಗುರುತಿಸಬಹುದು. ಹಳೆಯ ವಿಳಾಸಗಳನ್ನು ಮಾತ್ರ ಮುಟ್ಟಬೇಡಿ.