ಕೈಪಿಡಿಯಲ್ಲಿ ಗ್ರಾಂ ಕೊಟ್ಟೇ ಇರುವಾಗ ಲ್ಯಾಬ್‌ನಲ್ಲಿ ಸ್ಟಾಯ್ಕಿಯೊಮೆಟ್ರಿ ಯಾಕೆ ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತರಗತಿಯಲ್ಲಿ ಸ್ಟಾಯ್ಕಿಯೊಮೆಟ್ರಿ, ಅಂದರೆ ಯಾವ ವಸ್ತು ಎಷ್ಟಕ್ಕೆ ಇನ್ನೊಂದು ಎಷ್ಟು ಬೇಕು ಅನ್ನುವ ಲೆಕ್ಕ, ಸಲೀಸಾಗಿ ಬರುತ್ತೆ, ಆದರೆ ಲ್ಯಾಬ್‌ಗೆ ಹೋದರೆ ‘ಇಷ್ಟು ಗ್ರಾಂ ತೂಗಿ, ಇಷ್ಟು ಮಿಲಿ ಹಾಕಿ’ ಅಂತ ಕೈಪಿಡಿಯಲ್ಲಿ ಬರೆದೇ ಇರುತ್ತೆ. ಹಾಗಿದ್ದ ಮೇಲೆ ಆ ಲೆಕ್ಕಕ್ಕೆ ಅಲ್ಲಿ ಏನು ಕೆಲಸ? ಮೊದಲ ವರ್ಷ ಪೂರ್ತಿ ನನಗೂ ಇದೇ ಅನುಮಾನ ಇತ್ತು. ಒಂದು ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದು ಎಷ್ಟು ಹಿಡಿಯುತ್ತೆ ಅಂತ ಅಳೆಯುವ ಪ್ರಯೋಗ) ಕೆಟ್ಟ ದಿನ ಅದು ಹೋಯಿತು.

ಪ್ರಯೋಗ ಮಾಮೂಲಿಯದ್ದೇ. ಆಕ್ಸಾಲಿಕ್ ಆಮ್ಲದ ದ್ರಾವಣ ಮಾಡಿಕೊಂಡು, ಬ್ಯುರೆಟ್‌ನಿಂದ (ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ) ಅದಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡುವುದು. ನನಗೆ 0.05 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿಲಿ ಬೇಕಿತ್ತು. ಆವತ್ತು ಗ್ರಾಂ ಕೊಟ್ಟಿರಲಿಲ್ಲ, ಮೋಲಾರಿಟಿ (ಲೀಟರಿಗೆ ಎಷ್ಟು ಮೋಲ್ ಅನ್ನುವುದು; ಅಣುತೂಕದಷ್ಟು ಗ್ರಾಂ ಅಂದರೆ ಒಂದು ಮೋಲ್) ಮಾತ್ರ ಇತ್ತು. ಆಕ್ಸಾಲಿಕ್ ಆಮ್ಲದ ಅಣುತೂಕ 90 ಅಂತ ನನಗೆ ಬಾಯಿಪಾಠ. 0.0125 ಮೋಲ್ ಬೇಕು, ಅಂದರೆ 1.125 ಗ್ರಾಂ. ಉಸಿರು ಬಿಗಿಹಿಡಿದು ತೂಗಿದೆ. ಒಂದು ಹರಳೂ ಚೆಲ್ಲದ ಹಾಗೆ ಫ್ಲಾಸ್ಕ್‌ಗೆ ಹಾಕಿದೆ. ಗೆರೆಗೆ ಸರಿಯಾಗಿ ನೀರು ತುಂಬಿದೆ.

ಬ್ಯುರೆಟ್‌ನಲ್ಲಿದ್ದದ್ದು 0.02 ಮೋಲಾರ್ ಪರ್ಮಾಂಗನೇಟ್. ಪಿಪೆಟ್‌ನಿಂದ 20 ಮಿಲಿ ಆಕ್ಸಾಲಿಕ್ ಆಮ್ಲ ತೆಗೆದು, ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಹನಿ ಹನಿಯಾಗಿ ಬಿಡುತ್ತಾ ಹೋದೆ. 14.3 ಮಿಲಿಗೇ ತಿಳಿ ಗುಲಾಬಿ ಬಣ್ಣ ನಿಂತಿತು, ಅಂದರೆ ಆಕ್ಸಾಲಿಕ್ ಆಮ್ಲ ಮುಗಿದಿತ್ತು. ಇನ್ನೊಂದು ಸಲ ಮಾಡಿದೆ, ಮತ್ತೆ 14.3. ಮೂರನೇ ಸಲ 14.2. ಪಕ್ಕದ ಬೆಂಚಿನವನಿಗೆ ಮಾತ್ರ 20.

ಮೊದಲು ಪರ್ಮಾಂಗನೇಟನ್ನು ಬೈದುಕೊಂಡೆ. ಆದರೆ ಅವನೂ ಅದೇ ಬಾಟಲಿಯದ್ದನ್ನೇ ತುಂಬಿಕೊಂಡಿದ್ದ. ಆಮೇಲೆ ಪಿಪೆಟ್ ಮೇಲೆ ಅನುಮಾನ ಬಂತು, ಬದಲಾಯಿಸಿದರೂ ಅಷ್ಟೇ. ಕೊನೆಗೆ ಆಕ್ಸಾಲಿಕ್ ಆಮ್ಲದ ಬಾಟಲಿ ತಿರುಗಿಸಿ ನೋಡಿದರೆ ಲೇಬಲ್ ಮೇಲೆ ‘ಡೈಹೈಡ್ರೇಟ್’ ಅಂತ ಇತ್ತು. ಪ್ರತಿ ಅಣುವಿನ ಜೊತೆ ಎರಡು ನೀರಿನ ಅಣುಗಳು ಹರಳಿನಲ್ಲೇ ಕೂತಿರುತ್ತವೆ. ಹಾಗಾಗಿ ಅಣುತೂಕ 90 ಅಲ್ಲ, 126. ನಾನು ತೂಗಬೇಕಿದ್ದದ್ದು 1.576 ಗ್ರಾಂ. ಅಷ್ಟು ಜೋಪಾನ ಮಾಡಿ ತೂಗಿದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬರೀ ನೀರು.

ಅಲ್ಲೇ ನಿಂತು ಲೆಕ್ಕ ಹಾಕಿದೆ. ನನ್ನ ದ್ರಾವಣ ನಿಜವಾಗಿ 0.0357 ಮೋಲಾರ್. ಅದರ 20 ಮಿಲಿಯಲ್ಲಿ 0.714 ಮಿಲಿಮೋಲ್. ಸರಿದೂಗಿಸಿದ ಸಮೀಕರಣದಲ್ಲಿ 5 ಆಕ್ಸಾಲಿಕ್ ಆಮ್ಲಕ್ಕೆ 2 ಪರ್ಮಾಂಗನೇಟ್. ಹಾಗಾದರೆ ಬೇಕಿರುವ ಪರ್ಮಾಂಗನೇಟ್ 0.286 ಮಿಲಿಮೋಲ್, 0.02 ಮೋಲಾರ್ ದ್ರಾವಣದಲ್ಲಿ ಅದು 14.3 ಮಿಲಿ! ಬ್ಯುರೆಟ್ ಪಾಪ ಮೊದಲಿಂದಲೂ ಸರಿಯಾಗಿಯೇ ಹೇಳುತ್ತಿತ್ತು. ಮೂರು ರೀಡಿಂಗ್ ಒಂದಕ್ಕೊಂದು ಹೊಂದಿದ್ದಕ್ಕೆ ‘ಪ್ರಯೋಗ ಚೆನ್ನಾಗಿ ಬಂತು’ ಅಂದುಕೊಂಡವನು ನಾನು.

ಆವತ್ತಿಂದ ಒಂದು ಅಭ್ಯಾಸ ಬೆಳೆಯಿತು. ಬ್ಯುರೆಟ್ ತುಂಬುವ ಮೊದಲೇ ಎಷ್ಟು ಬರಬೇಕು ಅಂತ ರಫ್ ಪುಸ್ತಕದ ಮೂಲೆಯಲ್ಲಿ ಬರೆದುಕೊಳ್ಳುತ್ತೇನೆ. ಈ ಪ್ರಯೋಗಕ್ಕೆ ಎರಡೇ ಸಾಲು: 20 ಮಿಲಿಯಲ್ಲಿ 1 ಮಿಲಿಮೋಲ್ ಆಕ್ಸಾಲಿಕ್ ಆಮ್ಲ, ಅದಕ್ಕೆ 0.4 ಮಿಲಿಮೋಲ್ ಪರ್ಮಾಂಗನೇಟ್, ಅಂದರೆ 20 ಮಿಲಿ. 5ಕ್ಕೆ 2 ಅನ್ನುವುದನ್ನು ಮರೆತು ಒಂದಕ್ಕೊಂದು ಅಂದುಕೊಂಡರೆ 50 ಮಿಲಿ ಬರುತ್ತೆ. ಅಷ್ಟರಲ್ಲಿ ಬ್ಯುರೆಟ್ಟೇ ಖಾಲಿ.

ಕೈಪಿಡಿಯಲ್ಲಿ ಗ್ರಾಂ ಕೊಟ್ಟಿದ್ದರೂ ಈ ಲೆಕ್ಕ ಬೇಕಾಗುವುದಕ್ಕೆ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಎಲ್ಲಿ ಜೀವ ಬಿಟ್ಟು ತೂಗಬೇಕು, ಎಲ್ಲಿ ಅಂದಾಜು ಸಾಕು ಅನ್ನುವುದನ್ನು ಕೈಪಿಡಿ ಬಿಡಿಸಿ ಹೇಳುವುದಿಲ್ಲ, ಸಮೀಕರಣ ಹೇಳುತ್ತೆ. ಮೇಲಿನ ಪ್ರಯೋಗದಲ್ಲೇ ನೋಡಿ. 2 ಪರ್ಮಾಂಗನೇಟ್‌ಗೆ 3 ಸಲ್ಫ್ಯೂರಿಕ್ ಆಮ್ಲ ಬೇಕು. ನಾವು ಹಾಕುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಆದ್ದರಿಂದ ಅದನ್ನು ಅಳತೆ ಸಿಲಿಂಡರ್‌ನಲ್ಲಿ ಸುಮ್ನೆ ಸುರಿದರೆ ಸಾಕು, ಒಂದೆರಡು ಮಿಲಿ ಆಚೀಚೆ ಆದರೂ ಉತ್ತರ ಅಲುಗಾಡಲ್ಲ. ಕಡಿಮೆ ಬೀಳಬಾರದು ಅಷ್ಟೇ. ಬಿದ್ದರೆ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಫ್ಲಾಸ್ಕ್‌ನಲ್ಲಿ ಕಂದು ರಾಡಿ ಏಳುತ್ತೆ.

ಆಸ್ಪಿರಿನ್ ತಯಾರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 5 ಮಿಲಿ ಅಸೆಟಿಕ್ ಅನ್‌ಹೈಡ್ರೈಡ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಮೊದಲನೆಯದು 0.0145 ಮೋಲ್. ಎರಡನೆಯದರ ಸಾಂದ್ರತೆ 1.08, ಹಾಗಾಗಿ 5.4 ಗ್ರಾಂ, ಅಂದರೆ 0.053 ಮೋಲ್. ಇಬ್ಬರೂ ಒಂದಕ್ಕೊಂದು ಸೇರುವವರು. ಅನ್‌ಹೈಡ್ರೈಡ್ ಮೂರೂವರೆ ಪಟ್ಟಿಗಿಂತ ಜಾಸ್ತಿ ಇದೆ. ಯಾಕೆ ಅಷ್ಟು ಧಾರಾಳ? ಉಳಿದ ಅನ್‌ಹೈಡ್ರೈಡ್ ನೀರು ಹಾಕಿದಾಗ ಅಸೆಟಿಕ್ ಆಮ್ಲವಾಗಿ ತೊಳೆದುಹೋಗುತ್ತೆ. ಸ್ಯಾಲಿಸಿಲಿಕ್ ಆಮ್ಲ ಉಳಿದರೆ ಹಾಗಲ್ಲ, ಹರಳಿನ ಜೊತೆಗೇ ಅಂಟಿಕೊಂಡು ಬರುತ್ತೆ, ಫೆರಿಕ್ ಕ್ಲೋರೈಡ್ ಒಂದು ಹನಿ ಹಾಕಿದ ತಕ್ಷಣ ನೇರಳೆ ಬಣ್ಣ ತೋರಿಸಿ ಮಾನ ಕಳೆಯುತ್ತೆ. ಪುಸ್ತಕದಲ್ಲಿ ‘ಲಿಮಿಟಿಂಗ್ ರಿಯೇಜೆಂಟ್ ಯಾವುದು’, ಅಂದರೆ ಮೊದಲು ಮುಗಿದುಹೋಗುವ ವಸ್ತು ಯಾವುದು ಅಂತ ಕೇಳಿ ಸುಮ್ಮನಾಗುತ್ತಾರೆ. ಲ್ಯಾಬ್‌ನಲ್ಲಿ ಅದು ಯಾವುದಾಗಬೇಕು ಅಂತ ಆರಿಸುವವರು ನಾವು.

ಇಲ್ಲಿ ಪೂರ್ತಿ ಸಿಗಬಹುದಾದ ಆಸ್ಪಿರಿನ್ 2.61 ಗ್ರಾಂ. ನನಗೊಮ್ಮೆ 2.9 ಸಿಕ್ಕಿತ್ತು, 111 ಪರ್ಸೆಂಟ್ ಇಳುವರಿ! ಪೂರ್ತಿ ಸಿಗಬಹುದಾದದ್ದಕ್ಕಿಂತ ಜಾಸ್ತಿ ಬರುವುದಕ್ಕೆ ಸಾಧ್ಯವೇ ಇಲ್ಲ, ಅಲ್ವಾ? ಹರಳು ಇನ್ನೂ ಒದ್ದೆ ಇತ್ತು. ಮಾರನೇ ದಿನ ಒಣಗಿದ ಮೇಲೆ ತೂಗಿದರೆ 2.1 ಗ್ರಾಂ, ಸುಮಾರು 80 ಪರ್ಸೆಂಟ್. ಲೆಕ್ಕ ಹಾಕದೆ ಇದ್ದಿದ್ದರೆ 2.9 ಅನ್ನೇ ಖುಷಿಯಿಂದ ರೆಕಾರ್ಡ್‌ನಲ್ಲಿ ಬರೆಯುತ್ತಿದ್ದೆ.

ಅಂದ ಹಾಗೆ, ಸ್ಟಾಯ್ಕಿಯೊಮೆಟ್ರಿ ಅನ್ನುವ ಹೆಸರು ಹುಟ್ಟಿದ್ದೇ ಇಂಥ ಕೆಲಸದಿಂದ. 1792ರಲ್ಲಿ ಜರ್ಮನಿಯ ಜೆರೆಮಿಯಾಸ್ ರಿಕ್ಟರ್ ಆ ಪದ ಬಳಕೆಗೆ ತಂದರು. ಇಂತಿಷ್ಟು ಆಮ್ಲಕ್ಕೆ ಇಂತಿಷ್ಟೇ ಪ್ರತ್ಯಾಮ್ಲ ಬೇಕು ಅಂತ ಅವರು ತೂಗಿ ತೂಗಿ ಪಟ್ಟಿ ಮಾಡುವಾಗ ಮೋಲ್ ಅನ್ನುವ ಪದ ಇನ್ನೂ ಹುಟ್ಟಿರಲಿಲ್ಲ.

ನಿಮಗೆ ಮುಂದೆ ಬರುವುದು ಬಹುಶಃ ಸೋಡಿಯಂ ಹೈಡ್ರಾಕ್ಸೈಡ್. 0.1 ಮೋಲಾರ್ ಬೇಕಾದರೆ ಲೀಟರಿಗೆ 4 ಗ್ರಾಂ ಅಂತ ಲೆಕ್ಕ ಬರುತ್ತೆ. ಆದರೆ ಅದು ತಕ್ಕಡಿ ಮೇಲೆ ಕೂತಲ್ಲೇ ಗಾಳಿಯ ತೇವ ಎಳೆದುಕೊಳ್ಳುತ್ತೆ, ಕಾರ್ಬನ್ ಡೈಆಕ್ಸೈಡನ್ನೂ ಬಿಡಲ್ಲ. ಅದಕ್ಕೋಸ್ಕರ ನಾಲ್ಕು ದಶಾಂಶದ ತಕ್ಕಡಿ ಮುಂದೆ ಸಾಲಿನಲ್ಲಿ ನಿಲ್ಲಬೇಡಿ. ಸಾದಾ ತಕ್ಕಡಿಯಲ್ಲಿ ನಾಲ್ಕು ಗ್ರಾಂ ಆಸುಪಾಸು ಬೇಗ ತೂಗಿ ಕರಗಿಸಿಬಿಡಿ. ಆಮೇಲೆ ಆಕ್ಸಾಲಿಕ್ ಆಮ್ಲ ಸರಿಯಾಗಿ ತೂಗಿ, ಒಂದು ಆಮ್ಲಕ್ಕೆ ಎರಡು ಹೈಡ್ರಾಕ್ಸೈಡ್ ಅನ್ನುವ ಲೆಕ್ಕದಲ್ಲಿ ನಿಜವಾದ ಮೋಲಾರಿಟಿ ಕಂಡುಹಿಡಿಯಿರಿ. ತೂಗುವ ಮುಂಚೆ ಲೇಬಲ್‌ನಲ್ಲಿ ‘ಡೈಹೈಡ್ರೇಟ್’ ಇದೆಯಾ ನೋಡಿಕೊಳ್ಳಿ.