ಎಂಜಿನ್ ಹೆಡ್ ಬೋಲ್ಟ್‌ಗಳನ್ನು ಕೈ ಅಂದಾಜಿನಲ್ಲಿ ಬಿಗಿಯಬಹುದೇ?

ಮಲ್ಪೆಯ ಮನೆಯಲ್ಲೇ ಕಾರಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲ್) ಬದಲಿಸುತ್ತಿದ್ದೀರಿ, ಬೋಲ್ಟ್‌ಗಳಿಗೆ ಕೈ ಅಂದಾಜು ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು, ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಬೇಕೇ ಬೇಕು.

ಅದಕ್ಕೂ ಮೊದಲು ಬೋಲ್ಟ್‌ಗಳ ಸುರುಳಿ ಗೆರೆಗಳನ್ನು, ಅಂದರೆ ಥ್ರೆಡ್‌ಗಳನ್ನು ನೋಡಿ. ತಿರುಗಿಸುವ ಬಲದ ಬಹುಪಾಲು ಘರ್ಷಣೆಗೇ ವ್ಯಯವಾಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದರೆ ನಿಗದಿತ ಬಲ ತಲುಪಿತೆಂದು ರೆಂಚ್ ‘ಕ್ಲಿಕ್’ ಎಂದರೂ ಹೆಡ್ ಮೇಲೆ ಸಾಕಷ್ಟು ಒತ್ತಡ ಬಿದ್ದಿರುವುದಿಲ್ಲ. ಹಾಗೆಂದು ಮನಬಂದಂತೆ ಎಣ್ಣೆ ಸುರಿಯಬೇಡಿ: ಘರ್ಷಣೆ ಇಳಿದು ಬೋಲ್ಟ್ ಅತಿಯಾಗಿ ಹಿಗ್ಗುತ್ತದೆ. ಬೋಲ್ಟ್ ಕೂರುವ ರಂಧ್ರದ ತಳದಲ್ಲಿ ಎಣ್ಣೆ, ನೀರು ನಿಂತಿದ್ದರಂತೂ ಬಿಗಿಯುವಾಗ ಅದರ ಒತ್ತಡಕ್ಕೆ ಬ್ಲಾಕೇ ಬಿರುಕು ಬಿಡಬಹುದು. ಇದನ್ನು ದಯವಿಟ್ಟು ಕಡೆಗಣಿಸಬೇಡಿ.

ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ನಿಖರ ಕ್ರಮವನ್ನೂ ಎಷ್ಟು ಬಿಗಿಯಬೇಕೆಂಬ ನ್ಯೂಟನ್ ಮೀಟರ್ ಅಂಕಿಯನ್ನೂ ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಕೊನೆಗೆ 90 ಡಿಗ್ರಿಯಂತೆ ಕೋನ ಲೆಕ್ಕದಲ್ಲಿ ತಿರುಗಿಸಲು ಹೇಳಿದ್ದರೆ, ಅಂಥ ಬೋಲ್ಟ್‌ಗಳು ಹೆಚ್ಚಾಗಿ ಒಂದೇ ಬಳಕೆಗೆ, ಹೊಸವನ್ನೇ ಹಾಕಿ.